‘10 ವರ್ಷದ ಗ್ರೀನ್ ಕಾರ್ಡ್’ ಅಂದರೆ ಅಲ್ಲಿಂದ ಎದ್ದು ಬನ್ನಿ

ಅಮೆರಿಕದಲ್ಲಿ ವೀಸಾ ಮುಗಿದ ಮೇಲೂ ಉಳಿದುಕೊಂಡಿರುವ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ. 10 ವರ್ಷ ಇದ್ದವರಿಗೆ ಸುಮ್ನೆ ಅರ್ಜಿ ಹಾಕಿದರೆ ಸಿಗುವ ಗ್ರೀನ್ ಕಾರ್ಡ್ ಅಂತ ಒಂದಿಲ್ಲ. ಇದೆ ಅಂತ ನಂಬಿ 6,500 ಡಾಲರ್ ಕೊಟ್ಟು ಕೋರ್ಟ್ ಮೆಟ್ಟಿಲು ಹತ್ತಿದವರು ನಾವು.

ನಮ್ಮ ಯಜಮಾನರು 2008ರಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಬಂದರು, ಅವರ ಜೊತೆ ನಾನು ಹೆಂಡತಿ ಮಕ್ಕಳಿಗೆ ಕೊಡುವ ಎಚ್-4ರಲ್ಲಿ. ಮರುವರ್ಷವೇ ಕೆಲಸ ಹೋಯಿತು. ಇವತ್ತು ಸಿಗುತ್ತೆ, ನಾಳೆ ಸಿಗುತ್ತೆ ಅಂತ ಕಾಯುತ್ತಲೇ ಸ್ಟೇಟಸ್, ಅಂದರೆ ಇಲ್ಲಿರಲು ಇದ್ದ ಕಾನೂನಿನ ಅನುಮತಿ, ಹೋಯಿತು. 2010ರಲ್ಲಿ ಮಗಳು ಇಲ್ಲೇ ಹುಟ್ಟಿದಳು.

2021ರಲ್ಲಿ ಪರಿಚಯದವರೊಬ್ಬರು ಒಬ್ಬ ಕನ್ಸಲ್ಟೆಂಟ್ ಹತ್ತಿರ ಕಳಿಸಿದರು. ಆತ ಕನ್ನಡದಲ್ಲೇ ಮಾತಾಡಿದ, ಅಷ್ಟಕ್ಕೇ ನಾನು ಅರ್ಧ ಕರಗಿದ್ದೆ. “ಅಕ್ಕಾ, 10 ವರ್ಷ ದಾಟಿದೆ, ಮಗು ಸಿಟಿಜನ್, ಇನ್ನೇನು ಬೇಕು? ಸೈನ್ ಮಾಡಿ, ಉಳಿದದ್ದು ನಾನು ನೋಡ್ಕೋತೀನಿ.” ಖಾಲಿ ಫಾರಂಗಳಿಗೆ ಸೈನ್ ಹಾಕಿದೆವು. ಕಾಪಿ ಕೇಳಿದರೆ ಆಮೇಲೆ ಕಳಿಸ್ತೀನಿ ಅಂದ.

ಮುಂದಿನ ವರ್ಷ ವರ್ಕ್ ಪರ್ಮಿಟ್ ಬಂತು. ಕಾರ್ಡನ್ನು ದೇವರ ಮುಂದಿಟ್ಟು ಕೈಮುಗಿದಿದ್ದೆ. ಅದರಲ್ಲಿ ಕೆಟಗರಿ ಅನ್ನೋ ಜಾಗದಲ್ಲಿ ಸಿ08 ಅಂತ ಇತ್ತು. ಅಸೈಲಮ್ ಅರ್ಜಿ, ಅಂದರೆ ಊರಲ್ಲಿ ಹಿಂಸೆಯ ಭಯ ಇದೆ, ಆಶ್ರಯ ಕೊಡಿ ಅಂತ ಕೇಳುವ ಅರ್ಜಿ, ಬಾಕಿ ಇದೆ ಅಂತ ಅದರ ಅರ್ಥ. ನಮಗೆಲ್ಲಿ ಗೊತ್ತು?

2023ರಲ್ಲಿ ಇಂಟರ್‌ವ್ಯೂ. ಗ್ರೀನ್ ಕಾರ್ಡಿಗೇ ಅಂದುಕೊಂಡು ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋದೆವು. ಊರಿಗೆ ವಾಪಸ್ ಹೋದರೆ ನಿಮಗೆ ಯಾರಿಂದ ಭಯ ಅಂತ ಆಫೀಸರಮ್ಮ ಕೇಳಿದರು. ಅರ್ಜಿಯಲ್ಲಿ ಯಾವುದೋ ಪಕ್ಷದವರು ಇವರಿಗೆ ರಾಡಿನಲ್ಲಿ ಹೊಡೆದು ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿಸಿದ್ದರಂತೆ! ಒಂದು ದಿನವೂ ಆಸ್ಪತ್ರೆ ಸೇರಿದವರಲ್ಲ ಇವರು. ನನ್ನ ಮುಖ ನೋಡಿದರು, ಆಮೇಲೆ “ಇದು ನಾವು ಬರೆದದ್ದಲ್ಲ” ಅಂದರು. ಆಕೆ ಪುಟ ತಿರುಗಿಸಿ ತೋರಿಸಿದರು. ಅರ್ಜಿ ತಯಾರಿಸಿದವರ ಹೆಸರಿನ ಜಾಗ ಖಾಲಿ. ಕೆಳಗೆ ನಮ್ಮದೇ ಸೈನ್.

ಕೆಲವೇ ವಾರಗಳಲ್ಲಿ ಇಮಿಗ್ರೇಷನ್ ಕೋರ್ಟಿಗೆ ಹಾಜರಾಗಿ ಅಂತ ನೋಟಿಸ್ ಬಂತು.

ಆಟ ಏನು ಅಂತ ನಿಜವಾದ ಲಾಯರ್ ಬಿಡಿಸಿ ಹೇಳಿದ ಮೇಲೇ ಗೊತ್ತಾಗಿದ್ದು. ಅಸೈಲಮ್ ಅರ್ಜಿಯನ್ನು ಸಾಮಾನ್ಯವಾಗಿ ಬಂದ ಒಂದು ವರ್ಷದೊಳಗೆ ಹಾಕಬೇಕು. ಸ್ಟೇಟಸ್ ಇಲ್ಲದ ನಮ್ಮಂಥವರದ್ದನ್ನು ಇಂಟರ್‌ವ್ಯೂ ಆದ ಮೇಲೆ ಒಪ್ಪದಿದ್ದರೆ ಅದು ಸೀದಾ ಕೋರ್ಟಿಗೆ ಹೋಗುತ್ತೆ. ‘ಗಡೀಪಾರು ರದ್ದು ಮಾಡಿ’ ಅಂತ ಕೇಳಲು ಸಾಧ್ಯವಿರೋದು ಅಲ್ಲಿ ಮಾತ್ರ, ಅದೇ ಆ ಕನ್ಸಲ್ಟೆಂಟ್‌ನ 10 ವರ್ಷದ ಗ್ರೀನ್ ಕಾರ್ಡ್! ಅದಕ್ಕೆ 10 ವರ್ಷ ಇದ್ದರೆ ಸಾಲದು. ನಾವು ಹೊರಟರೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ, ಮಗು ಇಲ್ಲವೇ ಅಪ್ಪ ಅಮ್ಮನಿಗೆ ತೀರಾ ಅಸಾಮಾನ್ಯವಾದ ಕಷ್ಟ ಆಗುತ್ತೆ ಅಂತ ಸಾಬೀತು ಮಾಡಬೇಕು. ಮಗಳ ಸ್ಕೂಲು ತಪ್ಪುತ್ತೆ ಅಂದರೆ ಜಡ್ಜ್ ಒಪ್ಪಲ್ಲ. ಇಡೀ ದೇಶದಲ್ಲಿ ವರ್ಷಕ್ಕೆ ಇದು ಸಿಗೋದು 4,000 ಜನಕ್ಕೆ ಮಾತ್ರ. ಸೋತರೆ ಗಡೀಪಾರು. ಬೇಕಂತಲೇ ಸುಳ್ಳು ಅಸೈಲಮ್ ಅರ್ಜಿ ಹಾಕಿದ್ದಾರೆ ಅಂತ ಕೋರ್ಟ್ ತೀರ್ಮಾನಿಸಿದರೆ ಹೆಚ್ಚುಕಮ್ಮಿ ಎಲ್ಲ ದಾರಿಯೂ ಶಾಶ್ವತವಾಗಿ ಬಂದ್. ಅಂದಹಾಗೆ, ಆಗ ಆ ಅರ್ಜಿಗೆ ಸರ್ಕಾರದ ಫೀಸೇ ಇರಲಿಲ್ಲ.

ಹೊಟ್ಟೆ ಉರಿಯೋದು ಇದಕ್ಕಲ್ಲ. ನಾವು ವೀಸಾ ಹಿಡಿದು ಗೇಟಿನಲ್ಲಿ ಸೀಲ್ ಹಾಕಿಸಿಕೊಂಡು ಬಂದವರು. ಅಂಥವರಿಗೆ ಸಿಟಿಜನ್ ಮಗು 21 ತುಂಬಿದ ಮೇಲೆ ಅರ್ಜಿ ಹಾಕಬಹುದು. ಬೇರೆ ತೊಡಕಿಲ್ಲದಿದ್ದರೆ ದೇಶ ಬಿಡದೆ ಇಲ್ಲೇ ಗ್ರೀನ್ ಕಾರ್ಡ್ ಆಗುತ್ತೆ, ವೀಸಾ ಮುಗಿದಿದ್ದಕ್ಕೆ, ಪರ್ಮಿಟ್ ಇಲ್ಲದೆ ದುಡಿದಿದ್ದಕ್ಕೆ ಅಂತ ತಡೆಯಿಲ್ಲ. (ಗಡಿ ದಾಟಿ ಬಂದವರಿಗೆ ಇದು ಇಷ್ಟು ಸುಲಭ ಅಲ್ಲ.) 2031ರವರೆಗೆ ತೆಪ್ಪಗೆ ಕಾಯಬಹುದಿತ್ತು. ಈಗ ಅದಕ್ಕಿಂತ ಮೊದಲೇ ಕೇಸ್ ಮುಗಿದುಬಿಟ್ಟರೆ ಅಂತ ದಿನಾ ಭಯ.

ದಯವಿಟ್ಟು ಖಾಲಿ ಫಾರಂಗೆ ಸೈನ್ ಹಾಕಬೇಡಿ. ಲಾಯರ್ ಅಂದವರ ಹೆಸರನ್ನು ರಾಜ್ಯದ ಬಾರ್ (ವಕೀಲರ ಸಂಸ್ಥೆ) ವೆಬ್‌ಸೈಟಿನಲ್ಲಿ ಹುಡುಕಿ, ಎರಡು ನಿಮಿಷದ ಕೆಲಸ. ನೋಟರಿಯನ್ನು ಲಾಯರ್ ಅಂದುಕೊಳ್ಳಬೇಡಿ, ಇಲ್ಲಿ ನೋಟರಿ ಅಂದರೆ ಸಹಿಗೆ ಸಾಕ್ಷಿ ಹಾಕುವವರು ಅಷ್ಟೇ. ಈಗಾಗಲೇ ಸಿ08 ಕಾರ್ಡ್ ಕೈಲಿದ್ದು, ಅಸೈಲಮ್ ಕೇಳಿದ ನೆನಪೇ ನಿಮಗಿಲ್ಲ ಅಂದರೆ ಇವತ್ತೇ ಲಾಯರಿಗೆ ತೋರಿಸಿ. ಕೋರ್ಟ್ ನೋಟಿಸ್ ಬಂದರೆ ಹೆದರಿ ತಪ್ಪಿಸಿಕೊಳ್ಳಬೇಡಿ, ಹೋಗದಿದ್ದರೆ ನಿಮ್ಮ ಬೆನ್ನ ಹಿಂದೆಯೇ ಗಡೀಪಾರು ಆರ್ಡರ್ ಆಗುತ್ತೆ.

ಮೊನ್ನೆ ಆತನ ಆಫೀಸಿನ ಮುಂದೆ ಹೋದೆವು. ಈಗ ಟ್ಯಾಕ್ಸ್ ಫೈಲಿಂಗ್ ಅಂತ ಬೋರ್ಡ್ ಇದೆ. ಒಳಗೆ ಅದೇ ಕುರ್ಚಿಯಲ್ಲಿ ಯಾರೋ ಒಬ್ಬಾಕೆ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದರು.