ಪಕ್ಕಕ್ಕೆ ಎಳೆಯುವ ಸ್ಟೇರಿಂಗ್, ಹೊಗೆಯ ರೀಕಾಲ್: ಇಎ189 ಡೀಸೆಲ್ ಎಂಜಿನ್ನಿನ ಹಳೆಯ ಕಾರು, ದೀರ್ಘ ಬಳಕೆಯ ನಂತರ

ಫೋಕ್ಸ್‌ವ್ಯಾಗನ್ ಸಮೂಹದ ಇಎ189 ಡೀಸೆಲ್ ಎಂಜಿನ್ ಇರುವ ಸೆಕೆಂಡ್ ಹ್ಯಾಂಡ್ ಕಾರಿನ ಬಗ್ಗೆ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಗಟ್ಟಿ, ದೂರದ ಓಟಕ್ಕೆ ಹೇಳಿ ಮಾಡಿಸಿದ್ದು. ಕೊಳ್ಳುವವರನ್ನು ಕಾಡುವುದು ಎರಡೇ: ವಯಸ್ಸಾದ ಯಾವ ಕಾರಿಗಾದರೂ ಬರುವ ಸ್ಟೇರಿಂಗ್ ಎಳೆತ, ಮತ್ತು ಈ ಎಂಜಿನ್ನಿಗೇ ಅಂಟಿದ ರೀಕಾಲ್, ಅಂದರೆ ಹೊಗೆ ಪರೀಕ್ಷೆಗೆ ಮೋಸ ಮಾಡುತ್ತಿದ್ದ ಸಾಫ್ಟ್‌ವೇರನ್ನು ಸರಿಪಡಿಸಲು ಕಂಪನಿ ಕಾರುಗಳನ್ನು ವಾಪಸ್ ಕರೆದದ್ದು. ಎರಡಕ್ಕೂ ದಾರಿಯಿದೆ. ಕೆಲಸದ ಕ್ರಮ ತಪ್ಪಿದರೆ ಮಾತ್ರ ದುಡ್ಡು ದಂಡ.

ಕಾರು ಎಳೆಯುತ್ತಿದೆ ಎಂದ ಕೂಡಲೇ ಅಲೈನ್‌ಮೆಂಟ್‌ಗೆ (ಚಕ್ರಗಳ ಕೋನ ಸರಿಪಡಿಸುವ ಕೆಲಸಕ್ಕೆ) ಬಿಡುವುದೇ ಎಲ್ಲರೂ ಮಾಡುವ ತಪ್ಪು. ಅಲೈನ್‌ಮೆಂಟ್ ಕೊನೆಯ ಹೆಜ್ಜೆ. ನೀರು ಹರಿದುಹೋಗಲೆಂದು ರಸ್ತೆಗೆ ಅಂಚಿನ ಕಡೆ ಇಳಿಜಾರು ಕೊಟ್ಟಿರುತ್ತಾರೆ. ಆ ಕಡೆಗೆ ನಿಧಾನವಾಗಿ ಜಾರುವುದು ದೋಷವಲ್ಲ. ಸಮತಟ್ಟಾದ ಖಾಲಿ ರಸ್ತೆಯಲ್ಲಿ 60-80 ಕಿ.ಮೀ. ವೇಗದಲ್ಲಿ, ಸ್ಟೇರಿಂಗ್ ಚಕ್ರವನ್ನು ಬೆರಳ ತುದಿಯಲ್ಲಷ್ಟೇ ಹಿಡಿದು ನೋಡಿ. ಅಲ್ಲೂ ಎಳೆದರೆ ಟೈರ್ ತಣ್ಣಗಿರುವಾಗ ಗಾಳಿ ಅಳೆಯಿರಿ; ಗಾಳಿ ಕಡಿಮೆಯಿರುವ ಕಡೆಗೇ ಕಾರು ವಾಲುತ್ತದೆ.

ಗಾಳಿ ಸರಿಯಿದ್ದರೆ ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿ. ಎಳೆತ ದಿಕ್ಕು ಬದಲಿಸಿತೋ, ಕಳ್ಳ ಟೈರಿನೊಳಗೇ ಇದ್ದಾನೆ. ಒಳಗಿನ ಪದರಗಳು ಒಂದು ಬದಿಗೆ ಸರಿದ ಟೈರ್ ಶಂಕುವಿನಂತೆ ಉರುಳುತ್ತದೆ. ಯಾವ ಅಲೈನ್‌ಮೆಂಟೂ ಅದನ್ನು ನೇರ ಮಾಡಲಾರದು. ಬಾಣದ ಗುರುತಿರುವ ಟೈರ್‌ಗಳನ್ನು ಮಾತ್ರ ಹಾಗೆ ಅಡ್ಡ ಬದಲಿಸಬೇಡಿ, ಅದೇ ಬದಿಯಲ್ಲಿ ಹಿಂದೆಮುಂದೆ ಮಾಡಿ.

ಮುಂದೆ ಬ್ರೇಕ್. ಇದರ ಗುಟ್ಟು ತಿಳಿಯದೆ ಮೆಕ್ಯಾನಿಕ್‌ಗಳೇ ಗೊಂದಲಕ್ಕೆ ಬೀಳುತ್ತಾರೆ. ಬ್ರೇಕ್ ಹೋಸ್ (ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಕೊಳವೆ) ಒಳಗೆ ಊದಿಕೊಂಡು ಒತ್ತಡ ಬಿಡದಿದ್ದರೆ ಆ ಬದಿಯ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ, ಕಾರು ಸುಮ್ಮನೆ ಓಡುವಾಗಲೂ ಅತ್ತಲೇ ಎಳೆಯುತ್ತದೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗಿ ಬ್ರೇಕ್ ಸರಿಯಾಗಿ ಹಿಡಿಯದಿದ್ದರೆ, ಒತ್ತಿದಾಗ ಎಳೆತ ಚೆನ್ನಾಗಿ ಹಿಡಿಯುವ ಎದುರು ಬದಿಗೆ. ಜೋರಾಗಿ ಬ್ರೇಕ್ ಹಾಕದೆ ಒಂದಷ್ಟು ದೂರ ಓಡಿಸಿ ನಿಲ್ಲಿಸಿ, ಎರಡೂ ಮುಂಚಕ್ರಗಳ ಬಳಿ ಅಂಗೈ ಹಿಡಿದು ನೋಡಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಒಂದು ಬದಿ ಮಾತ್ರ ಕಾದಿದ್ದರೆ ಆ ಬದಿಯ ಹೋಸ್ ನೋಡಿಸಿ, ಪಿನ್ ಕೂಡ ಬಿಚ್ಚಿಸಿ. ಒಳಗಿನ ಗ್ರೀಸ್ ಒಣಗಿ ಕಂದು ಮೇಣದಂತಾಗಿ, ಕೈಯಲ್ಲಿ ಎಳೆದರೂ ಪಿನ್ ಬರದಿದ್ದರೆ ಉತ್ತರ ಸಿಕ್ಕಂತೆ.

ಬ್ರೇಕ್ ಸರಿಯಿದ್ದೂ, ಬ್ರೇಕ್ ಒತ್ತಿದಾಗ ಅಥವಾ ಆಕ್ಸಿಲರೇಟರ್ ಬಿಟ್ಟಾಗ ಮೂತಿ ತಿರುಗಿದಂತಾದರೆ ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಹಿಂದಿನ ಬುಷ್, ಅಂದರೆ ರಬ್ಬರ್ ಬಳೆ, ಹರಿದಿರುವ ಸಾಧ್ಯತೆಯೇ ಹೆಚ್ಚು. ಹೊಸ ಬುಷ್ ಹಾಕಿದ ಮೇಲೆ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ಎತ್ತರದಲ್ಲೇ ಬಿಗಿಸಬೇಕು. ಜಾಕ್ ಮೇಲೆ ಚಕ್ರ ತೂಗಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಎಡಕ್ಕೆ ತಿರುಗಿದ ಮೇಲೆ ಎಡಕ್ಕೂ ಬಲಕ್ಕೆ ತಿರುಗಿದ ಮೇಲೆ ಬಲಕ್ಕೂ ಎಳೆದರೆ ಸ್ಟ್ರಟ್ (ಮುಂಚಕ್ರದ ಶಾಕ್ ಅಬ್ಸಾರ್ಬರ್ ಕಂಬ) ಮೇಲಿನ ಬೇರಿಂಗ್ ನೋಡಿ.

ಇಷ್ಟಾದ ಮೇಲೆ ಅಲೈನ್‌ಮೆಂಟ್. ಪ್ರಿಂಟೌಟ್ ಕೇಳಿ ಪಡೆಯಿರಿ. ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದನ್ನೇ ಸರಿಮಾಡಿ ಕಳಿಸುವ ಗ್ಯಾರೇಜ್‌ಗಳಿವೆ. ಮುಂದಿನ ಟೋ ತಪ್ಪಿದರೆ ಟೈರ್ ಸವೆಯುತ್ತದೆ, ಸ್ಟೇರಿಂಗ್ ಸೊಟ್ಟಗೆ ನಿಲ್ಲುತ್ತದೆ, ಎಳೆತ ಬರುವುದು ಅಪರೂಪ. ನೋಡಬೇಕಾದದ್ದು ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮತ್ತು ಕ್ಯಾಸ್ಟರ್‌ಗಳ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ವಾಲು) ಎಡಬಲ ವ್ಯತ್ಯಾಸ. ಅರ್ಧ ಡಿಗ್ರಿ ದಾಟಿದರೆ ಅನುಮಾನಿಸಿ. ಒಂದು ಬದಿಯ ಕ್ಯಾಂಬರ್ ಎಷ್ಟು ಹೆಚ್ಚಿದೆಯೋ ಇನ್ನೊಂದು ಬದಿಯದು ಅಷ್ಟೇ ಕಡಿಮೆಯಿದ್ದರೆ ಸಬ್‌ಫ್ರೇಮ್ (ಲೋವರ್ ಆರ್ಮ್‌ಗಳನ್ನು ಹೊತ್ತ ಚೌಕಟ್ಟು) ಸರಿದಿದೆ. ಕ್ಲಚ್ ಕೆಲಸಕ್ಕೆ ಅದನ್ನು ಇಳಿಸಿದ ಕಾರುಗಳಲ್ಲಿ ಹೀಗಾಗುತ್ತದೆ. ಬೋಲ್ಟ್ ಸಡಿಲಿಸಿ ಸರಿಸಿ, ಹೊಸ ಬೋಲ್ಟ್ ಹಾಕಿಸಿ. ಕೊನೆಗೆ ಸ್ಕ್ಯಾನರ್ ಹಚ್ಚಿ ಸ್ಟೇರಿಂಗ್ ಆಂಗಲ್ ಸೆನ್ಸರನ್ನು ಸೊನ್ನೆಗೆ ಕೂರಿಸಬೇಕು. ಇಲ್ಲದಿದ್ದರೆ ಎಲೆಕ್ಟ್ರಿಕ್ ಸ್ಟೇರಿಂಗ್ ತಪ್ಪು ಮಧ್ಯವನ್ನೇ ನಂಬಿಕೊಂಡಿರುತ್ತದೆ.

ರೀಕಾಲ್ ಕಥೆಯಲ್ಲೂ ಸ್ಟೇರಿಂಗ್ ಚಕ್ರಕ್ಕೆ ಪಾತ್ರವಿದೆ. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟ ನೋಟಿಸಿನಲ್ಲಿ, ಹೊಗೆ ಪರೀಕ್ಷೆಯಲ್ಲಷ್ಟೇ ವಿಷಾನಿಲ ತಗ್ಗಿಸುತ್ತಿದ್ದ ಸಾಫ್ಟ್‌ವೇರ್, ಕಾರು ಪರೀಕ್ಷೆಯಲ್ಲಿದೆಯೇ ಎಂಬುದನ್ನು ಸ್ಟೇರಿಂಗ್‌ನ ಸ್ಥಾನ, ವೇಗ, ಎಂಜಿನ್ ಓಡಿದ ಅವಧಿ, ವಾಯುಭಾರ ಇವುಗಳಿಂದ ಗುರುತಿಸುತ್ತಿತ್ತು ಎಂದಿದೆ. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಈ ಸಾಫ್ಟ್‌ವೇರ್ ಇತ್ತೆಂದು ಕಂಪನಿ ಒಪ್ಪಿಕೊಂಡಿತು. ಯುರೋಪಿನಲ್ಲಿ 1.2 ಮತ್ತು 2.0 ಲೀಟರ್ ಎಂಜಿನ್‌ಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಅಷ್ಟೇ, 1.6 ಲೀಟರಿಗೆ ಅದರ ಜೊತೆ ಗಾಳಿ ಅಳೆಯುವ ಸೆನ್ಸರಿನ ಮುಂದೆ ಸಣ್ಣ ಪ್ಲಾಸ್ಟಿಕ್ ಜಾಲರಿ. ಸುಳಿಯುವ ಗಾಳಿಯನ್ನು ಅದು ಸಮ ಮಾಡಿ ಬಿಡುತ್ತದೆ, ಸೆನ್ಸರಿನ ಅಳತೆ ನಿಖರವಾಗುತ್ತದೆ.

ಮಾರುವವರ ಬಾಯಿಮಾತು ಸಾಲದು. 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ತಯಾರಕರ ರೀಕಾಲ್ ಪುಟದಲ್ಲಿ ಹಾಕಿ ನೋಡಿ, ಕೆಲಸ ಮುಗಿದ ದಾಖಲೆ ಕೇಳಿ. ರೀಮ್ಯಾಪ್ ಮಾಡಿಸಿದ (ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸಿದ) ಕಾರಾದರೆ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತದೆ. ಆ ಕಾರಣಕ್ಕೇ ರೀಕಾಲ್ ಮಾಡಿಸದೆ ಉಳಿಸಿಕೊಂಡಿರಬಹುದು.

ಅಪ್‌ಡೇಟ್ ಆದ ಮೇಲೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್‌ಗೆ ದುಡಿಮೆ ಹೆಚ್ಚು, ಮಸಿಯೂ ಹೆಚ್ಚು. ಸದಾ ಚಿಕ್ಕಪುಟ್ಟ ಓಡಾಟವೇ ಇದ್ದರೆ ಈ ಕಾರು ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಪಿಕಪ್ ಸತ್ತು ಸ್ಕ್ಯಾನರಿನಲ್ಲಿ ಪಿ0401 ಎಂಬ ದೋಷದ ಕೋಡ್ ಬಂದರೆ ಇಜಿಆರ್ ದಾರಿ ಕಟ್ಟಿದೆಯೇ ನೋಡಿಸಿ. ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಇರುವ ಕಾರು ಮಸಿ ಸುಡುತ್ತಿರುವಾಗ ಐಡ್ಲಿಂಗ್ ಮೇಲೇರುತ್ತದೆ, ಆಫ್ ಮಾಡಿದ ಮೇಲೂ ಫ್ಯಾನ್ ಭರ್ರೆನ್ನುತ್ತದೆ. ಆಗ ನಿಲ್ಲಿಸದೆ 2000 ಆರ್‌ಪಿಎಂ ಮೇಲೆ ಹತ್ತು ಹದಿನೈದು ನಿಮಿಷ ಓಡಿಸಿ. ಪದೇ ಪದೇ ಅರ್ಧಕ್ಕೆ ನಿಲ್ಲಿಸಿದರೆ ಸುಡದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಾ ಹೋದರೆ ಸಂತೋಷಪಡಬೇಡಿ. ಅವಧಿ ಮುಗಿಯುವವರೆಗೆ ಕಾಯದೆ ಬದಲಿಸಿ, ಫೋಕ್ಸ್‌ವ್ಯಾಗನ್ನಿನ 507 00 ದರ್ಜೆಯ ಆಯಿಲನ್ನೇ ಹಾಕಿಸಿ.