ಕನ್ನಡದಿಂದ ಮಲಯಾಳಂಗೆ ನಾಲ್ಕು ಸ್ಟಾರ್, ಭೋಜ್‌ಪುರಿಗೆ ಎರಡೇ

ಒಂದೇ ಅನುವಾದ ಆ್ಯಪ್‌ಗೆ ಎರಡು ಥರ ಅಂಕ ಕೊಡುತ್ತಿದ್ದೇನೆ. ಕೆಲಸಕ್ಕೆ ಇಳಿಸಿದರೆ ಅದು ಎರಡು ಬೇರೆ ಆ್ಯಪ್‌ಗಳಂತೆಯೇ ನಡೆದುಕೊಳ್ಳುತ್ತದೆ. ದುಡ್ಡು ಕೊಡಬೇಕಿಲ್ಲ, ಕನ್ನಡವೂ ಇದೆ, ಬಹಳ ಜನರ ಫೋನಿನಲ್ಲಿ ಈಗಾಗಲೇ ಇರುವಂಥದ್ದು.

ನಾನು ಪುತ್ತೂರು ಕಡೆಯವನು. ಎರ್ನಾಕುಳಂ ಜಿಲ್ಲೆಯ ಪೆರುಂಬಾವೂರಿನಲ್ಲಿ, ರಬ್ಬರ್ ಮರದಿಂದ ಪ್ಲೈವುಡ್ ಮಾಡುವ ಕಾರ್ಖಾನೆಯೊಂದರ ಸ್ಟೋರ್ ನೋಡಿಕೊಳ್ಳುತ್ತೇನೆ. ಸೂಪರ್‌ವೈಸರ್‌ಗಳು ಮಲಯಾಳಿಗಳು, ಮರದ ಹಾಳೆಗಳನ್ನು ಬಿಸಿಯಲ್ಲಿ ಒತ್ತಿ ಅಂಟಿಸುವ ಯಂತ್ರ, ಹಾಟ್ ಪ್ರೆಸ್‌ನಲ್ಲಿ ದುಡಿಯುವವರು ಹೆಚ್ಚಿನವರು ಬಿಹಾರದ ಸಿವಾನ್, ಛಪ್ರಾ ಕಡೆಯವರು. ಅವರವರೊಳಗೆ ಮಾತೆಲ್ಲ ಭೋಜ್‌ಪುರಿ. ಮಲಯಾಳಂ ಕೇಳಿದರೆ ನನಗೆ ಅರ್ಥವಾಗುತ್ತದೆ, ಬರೆಯಲು ಬಾರದು. ನೋಟಿಸ್ ಬೋರ್ಡಿಗೆ ಬರೆದು ಹಚ್ಚುವ ಕೆಲಸ ನನ್ನದಾದ್ದರಿಂದ ಈ ಆ್ಯಪ್ ನನಗೆ ದಿನಾ ಬೇಕು.

ನಾನು ಮೊದಲು ಹಾಕಿ ನೋಡಿದ ವಾಕ್ಯ: ‘ಪ್ರೆಸ್ ತೆರೆಯುವಾಗ ಕೈ ಒಳಗೆ ಹಾಕಬೇಡಿ.’ ಮಲಯಾಳಂನಲ್ಲಿ ‘ಪ್ರೆಸ್ ತುರಕ್ಕುಂಬೋಳ್ ಕೈ ಅಗತ್ತ್ ಇಡರುದ್’ ಎಂದು ಬಂತು. ಒಂದಕ್ಷರ ತಿದ್ದಬೇಕಾಗಲಿಲ್ಲ. ಎರಡೂ ದ್ರಾವಿಡ ಭಾಷೆ. ಪದಗಳ ಸಾಲು ಹಾಗೆಯೇ ಉಳಿಯುತ್ತದೆ, ‘ತೆರೆಯುವಾಗ’ ಎನ್ನುವುದಕ್ಕೆ ಅಲ್ಲಿಯೂ ಒಂದೇ ಪದ ಸಾಕು. ಭೋಜ್‌ಪುರಿಯಲ್ಲಿ ಬಂದದ್ದು: ‘ಜಬ್ ಪ್ರೆಸ್ ಖುಲತಾ ಹೈ ತೋ ಅಪನಾ ಹಾಥ್ ಅಂದರ್ ಮತ್ ಡಾಲಽ.’ ನಮ್ಮ ಪ್ರೆಸ್‌ನ ಹಿರಿಯ ಆಪರೇಟರ್, ಎಲ್ಲರೂ ಚಾಚಾ ಎಂದು ಕರೆಯುವವರು, ಅದನ್ನು ಓದಿ ಇದು ಹಿಂದಿ, ಕೊನೆಯ ಪದ ಮಾತ್ರ ನಮ್ಮದು ಅಂದರು. ‘ಖುಲತಾ ಹೈ’ ಅವರ ಮಾತಲ್ಲವೇ ಅಲ್ಲ. ಅಲ್ಲಿ ಮಾತು ಮುಗಿಯುವುದು ನಮ್ಮ ‘ಇದೆ’, ‘ಇದ್ದೀರಿ’ ಥರದ ‘ಬಾ’, ‘ಬಾನೀ’, ‘ಬಾಡಽ’ಗಳಲ್ಲಿ.

ಅರ್ಥವಾದರೆ ಸಾಕಲ್ಲ ಎನ್ನಬಹುದು. ಹಿಂದಿ ಅವರಿಗೆಲ್ಲ ಅರ್ಥವಾಗುತ್ತದೆ, ನಿಜ. ಆದರೆ ಹಿಂದಿಯೇ ಸಾಕಿದ್ದರೆ ನಾನು ಹಿಂದಿಯನ್ನೇ ಆರಿಸುತ್ತಿದ್ದೆ. ಭೋಜ್‌ಪುರಿ ಎಂದು ಹೆಸರು ಹಾಕಿದ ಮೇಲೆ ಭೋಜ್‌ಪುರಿಯನ್ನೇ ಕೊಡಬೇಕು.

ಇದಕ್ಕಿಂತ ದೊಡ್ಡ ತೊಂದರೆ ಗೌರವದ್ದು. ನಮಗೆ ನೀನು, ನೀವು ಎರಡೇ ಮೆಟ್ಟಿಲು. ಭೋಜ್‌ಪುರಿಯಲ್ಲಿ ಮೂರು: ‘ತೇ’, ‘ತೂ’, ‘ರಉಆ’. ಒಂದೊಂದಕ್ಕೂ ಕ್ರಿಯಾಪದ ಬೇರೆ. ಎಲ್ಲಿಗೆ ಹೊರಟಿದ್ದೀರಿ ಎಂದು ಹಿರಿಯರನ್ನು ಕೇಳುವಾಗ ‘ರಉಆ ಕಹಾಂ ಜಾತ್ ಬಾನೀ’, ಸಮವಯಸ್ಕನಿಗೆ ‘ತೂ ಕಹಾಂ ಜಾತ್ ಬಾಡಽ’. ‘ನೀವು ನಾಳೆ ಎರಡನೇ ಶಿಫ್ಟಿಗೆ ಬನ್ನಿ’ ಎಂದು ಕೊಟ್ಟಾಗ ಆ್ಯಪ್ ‘ರಉಆ’ ಎಂದು ಶುರುಮಾಡಿ ‘ಆವಽ’ ಎಂದು ಮುಗಿಸಿತು. ‘ಆಈಂ’ ಆಗಬೇಕಿತ್ತು. ‘ನೀವು ಬಾ’ ಎಂದು ಬರೆದ ಹಾಗಾಯಿತು. ಐವತ್ತು ದಾಟಿದವರಿಗೆ ಅಂಥದ್ದನ್ನು ಬರೆದು ಕೊಡುವುದು ಸರಿಯಲ್ಲ.

ಮಲಯಾಳಂ ಕಡೆ ಈ ಗೋಜಿಲ್ಲ. ಅಲ್ಲಿ ಕ್ರಿಯಾಪದ ಯಾರಿಗೂ ಬದಲಾಗುವುದಿಲ್ಲ. ಞಾನ್ ಪೋಯಿ, ಅವನ್ ಪೋಯಿ, ಅವಳ್ ಪೋಯಿ. ಆದರೆ ಅದೇ ಕಾರಣಕ್ಕೆ ಅಲ್ಲಿಂದ ಕನ್ನಡಕ್ಕೆ ಬರುವಾಗ ಎಡವಟ್ಟು. ಕ್ಯಾಂಟೀನಿನ ಚೇಚಿ (ಅಕ್ಕ) ಹೊರಟುಹೋದರು ಎಂದು ಬರೀ ‘ಪೋಯಿ’ ಎಂಬ ಮೆಸೇಜ್ ಬಂದರೆ ಆ್ಯಪ್ ‘ಹೋದನು’ ಎಂದು ತೋರಿಸುತ್ತದೆ. ಇನ್ನೊಂದು, ‘ನಾವು’. ಮಲಯಾಳಂನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ ‘ನಮ್ಮಳ್’, ಬಿಟ್ಟರೆ ‘ಞಙ್ಙಳ್’. ‘ನಾವು ಇವತ್ತು ಓವರ್‌ಟೈಮ್ ಮಾಡಬೇಕು’ ಎಂದು ಗ್ರೂಪಿಗೆ ಹಾಕಿದ್ದು ‘ಞಙ್ಙಳ್’ ಆಗಿ ಹೋಯಿತು. ಪ್ಯಾಕಿಂಗಿನ ಇಬ್ಬರು, ತಮಗಲ್ಲ ಎಂದುಕೊಂಡು ಐದು ಗಂಟೆಗೇ ಬಸ್ ಹತ್ತಿದ್ದರು. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ.

ಮೈಕ್ ಇದೆ, ಮಲಯಾಳಂಗೆ ಚೆನ್ನಾಗಿದೆ, ಯಂತ್ರದ ಸದ್ದಿನಲ್ಲೂ ನಡೆಯುತ್ತದೆ. ಭೋಜ್‌ಪುರಿಗೆ ಮೈಕೇ ಇಲ್ಲ. ಹಿಂದಿ ಮೈಕ್ ಒತ್ತಿ ‘ಬಾರಹ್ ಗೋ ಸೀಟ್ ಖರಾಬ್ ಬಾ’ (ಹನ್ನೆರಡು ಶೀಟ್ ಹಾಳಾಗಿವೆ) ಎಂದರೆ ಹನ್ನೆರಡು ಎಂಬುದೊಂದು ಬಿಟ್ಟು ಉಳಿದದ್ದೆಲ್ಲ ಕಲಸಿಹೋಗುತ್ತದೆ. ಎಣಿಕೆಯ ಜೊತೆ ಬರುವ ಆ ‘ಗೋ’ ಅದಕ್ಕೆ ಗೊತ್ತೇ ಇಲ್ಲ.

2011ರ ಜನಗಣತಿಯಲ್ಲಿ ಭೋಜ್‌ಪುರಿ ತಮ್ಮ ಮಾತೃಭಾಷೆ ಎಂದವರು 5 ಕೋಟಿಗೂ ಹೆಚ್ಚು. ಮಲಯಾಳಂ 3.48 ಕೋಟಿ. ಜನ ಅಲ್ಲಿ ಹೆಚ್ಚು, ಸೌಲಭ್ಯ ಇಲ್ಲಿ ಹೆಚ್ಚು. ಗಣತಿ ಭೋಜ್‌ಪುರಿಯನ್ನು ಹಿಂದಿಯ ಲೆಕ್ಕದೊಳಗೆ ಸೇರಿಸುತ್ತದೆ, ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಅದಕ್ಕೆ ಜಾಗವಿಲ್ಲ, ಮಕ್ಕಳು ಶಾಲೆಯಲ್ಲಿ ಓದುವುದು ಹಿಂದಿ. ಹಿಂದೆ ಕೈಥಿ ಲಿಪಿಯಲ್ಲಿ ಬರೆಯುತ್ತಿದ್ದರು, ಈಗ ದೇವನಾಗರಿ. ಮಲಯಾಳಂಗೆ ದಿನಪತ್ರಿಕೆ, ಪಠ್ಯಪುಸ್ತಕ, ಸರ್ಕಾರಿ ಆದೇಶ ಎಲ್ಲವೂ ಇವೆ. 2013ರಲ್ಲಿ ಶಾಸ್ತ್ರೀಯ ಸ್ಥಾನವೂ ಸಿಕ್ಕಿತು. ಇಂಥ ಆ್ಯಪ್‌ಗಳು ಕಲಿಯುವುದು ಬರೆದಿಟ್ಟದ್ದನ್ನು ನೋಡಿ. ಚಾಚಾ ಆಡುವ ಮಾತಿನಲ್ಲಿ ಬರೆದಿಟ್ಟದ್ದು ಬಹಳ ಕಡಿಮೆ. ಹಾಗೆಂದು ತಯಾರಕರನ್ನು ಬಿಟ್ಟುಬಿಡಲಾರೆ. ಮಾತು ದಾಖಲಿಸಿಕೊಳ್ಳಬೇಕೆಂದರೆ ಪೆರುಂಬಾವೂರಿನ ಒಂದು ಲೇಬರ್ ಕ್ಯಾಂಪಿಗೆ ಬಂದರೂ ಸಾಕು.

ಬಳಸುವವರಿಗೆ ಇಷ್ಟು ಹೇಳುತ್ತೇನೆ. ಮಲಯಾಳಂಗೆ ‘ನಾವು’ ಬದಲು ‘ನಾವೆಲ್ಲರೂ ಸೇರಿ’ ಎಂದು ಬರೆಯಿರಿ, ಆಗ ‘ನಮ್ಮಳ್’ ಬರುತ್ತದೆ. ಹಿರಿಯರಿಗೆ ಕಳಿಸುವಾಗ ‘ನಿಙ್ಙಳ್’ (ನೀವು) ತೆಗೆದು ಚೇಟ್ಟನ್ (ಅಣ್ಣ), ಚೇಚಿ ಎಂದು ಹಾಕಿ. ಎದುರಿಗೇ ‘ನಿಙ್ಙಳ್’ ಅಂದರೆ ಇಲ್ಲಿ ಒರಟಾಗಿ ಕೇಳಿಸುತ್ತದೆ. ಭೋಜ್‌ಪುರಿಗೆ ಚಿಕ್ಕ ವಾಕ್ಯ ಕೊಡಿ, ಕೊನೆಯ ಪದ ನೋಡಿ, ಆ ಭಾಷೆಯವರೊಬ್ಬರು ಗಟ್ಟಿಯಾಗಿ ಓದಿದ ಮೇಲೆಯೇ ಹಚ್ಚಿ. ಪ್ರೆಸ್ ಹತ್ತಿರದ ಎಚ್ಚರಿಕೆಗಳಿಗಂತೂ ನಾನೀಗ ಆ್ಯಪ್ ಮುಟ್ಟುವುದಿಲ್ಲ. ಚಾಚಾ ಹೇಳುತ್ತಾರೆ, ಓದುಬರಹ ಬಲ್ಲ ಹುಡುಗನೊಬ್ಬ ದೇವನಾಗರಿಯಲ್ಲಿ ಬರೆಯುತ್ತಾನೆ, ನಾನು ಲ್ಯಾಮಿನೇಟ್ ಮಾಡಿಸಿ ಹಚ್ಚುತ್ತೇನೆ.