ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನಲ್ಲಿ ಎರಡೂವರೆ ವರ್ಷ: ಕಟ್ಟಿದ ಶುಲ್ಕಕ್ಕೆ ಸಿಕ್ಕಿದ್ದೇನು?

ನಮ್ಮಲ್ಲಿ ಮೈಕು ಹಿಡಿದವರು ಅದನ್ನು ಬಿಡುವುದಿಲ್ಲ ಎಂಬ ದೂರು ಹಳೆಯದು. ‘ಸಮಯದ ಅಭಾವವಿರುವುದರಿಂದ ಎರಡೇ ಮಾತಿನಲ್ಲಿ ಮುಗಿಸುತ್ತೇನೆ’ ಎಂದು ಆರಂಭಿಸಿದವರು ಮುಕ್ಕಾಲು ಗಂಟೆ ಎಳೆಯುವುದನ್ನು ಶಾಲಾ ವಾರ್ಷಿಕೋತ್ಸವದಿಂದ ಹಿಡಿದು ಸಹಕಾರಿ ಸಂಘದ ಮಹಾಸಭೆಯವರೆಗೆ ಎಲ್ಲ ಕಡೆಯೂ ಕೇಳಿದ್ದೇವೆ. ನನ್ನ ತೊಂದರೆ ಇದಕ್ಕೆ ತೀರಾ ವಿರುದ್ಧವಾದದ್ದು. ಬೆಂಗಳೂರಿನ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಹದಿನಾರು ವರ್ಷ ಕೆಲಸ ಮಾಡಿದ ನನಗೆ ವರದಿ ಬರೆದುಕೊಡಿ ಎಂದರೆ ರಾತ್ರಿ ಕೂತಾದರೂ ಬರೆದುಕೊಡುವ ಧೈರ್ಯವಿತ್ತು; ಅದೇ ವರದಿಯನ್ನು ಹತ್ತು ಜನರ ಎದುರು ನಿಂತು ಹೇಳಿ ಎಂದರೆ ನಾಲಿಗೆ ಒಣಗುತ್ತಿತ್ತು. ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಸದಸ್ಯರೇ ಸೇರಿ ಭಾಷಣದ ಅಭ್ಯಾಸ ಮಾಡುವ, ಮನೆಯ ಹತ್ತಿರದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಒಂದು ಶನಿವಾರ ಅತಿಥಿಯಾಗಿ ಹೋದವನು ಎರಡೂವರೆ ವರ್ಷದಿಂದ ಅಲ್ಲಿಯೇ ಇದ್ದೇನೆ.

ಹೆಸರು ಕೇಳಿದಾಗ ನಮ್ಮ ಅಮ್ಮ ‘ಬ್ರೆಡ್ಡು ಸುಡುವುದನ್ನು ಕಲಿಸುತ್ತಾರೇನೋ?’ ಎಂದಿದ್ದರು. ಔತಣಕೂಟಗಳಲ್ಲಿ ಭಾಷಣಕಾರರನ್ನು ಪರಿಚಯಿಸುತ್ತ ಕಾರ್ಯಕ್ರಮ ನಡೆಸಿಕೊಡುವವರನ್ನು ಇಂಗ್ಲಿಷಿನಲ್ಲಿ ಟೋಸ್ಟ್‌ಮಾಸ್ಟರ್ ಎಂದು ಕರೆಯುವ ರೂಢಿಯಿತ್ತು. ಅಮೆರಿಕದಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಾಲ್ಫ್ ಸ್ಮೆಡ್ಲಿ ಆ ಹೆಸರನ್ನೇ ಇಟ್ಟು 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂತಾ ಆನಾ ಊರಿನಲ್ಲಿ ಕಟ್ಟಿದ ಕ್ಲಬ್ಬಿನಿಂದ ಇಂದಿನ ಸಂಸ್ಥೆ ಬೆಳೆಯಿತು. ಹೆಂಗಸರಿಗೆ ಸದಸ್ಯತ್ವ ತೆರೆದದ್ದು 1973ರಲ್ಲಿ ಎಂಬುದನ್ನು ಈಗ ನಂಬುವುದು ಕಷ್ಟ, ಏಕೆಂದರೆ ನಮ್ಮ ಕ್ಲಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ.

ಇಲ್ಲಿ ಮೇಷ್ಟರಿಲ್ಲ, ಪಾಠವಿಲ್ಲ. ಬಾಡಿಗೆಗೆ ಪಡೆದ ಶಾಲೆಯ ಒಂದು ಕೊಠಡಿಯಲ್ಲಿ, ಗೋಡೆಯ ಮೇಲಿನ ಮಗ್ಗಿಯ ಚಾರ್ಟಿನ ಕೆಳಗೆ, ಮೂರನೆಯ ತರಗತಿಯ ಮಕ್ಕಳಿಗೆಂದು ಮಾಡಿಸಿದ ಬೆಂಚುಗಳಲ್ಲಿ ಮಂಡಿ ಮಡಚಿಕೊಂಡು ಕೂತ ಇಪ್ಪತ್ತು ಮಂದಿ ಒಂದೂವರೆ ಗಂಟೆ ಸಭೆ ನಡೆಸುತ್ತಾರೆ. ಸಭೆಗೆ ಮೂರು ಭಾಗಗಳು: ಸಿದ್ಧಪಡಿಸಿಕೊಂಡ ಭಾಷಣ, ಟೇಬಲ್ ಟಾಪಿಕ್ಸ್ ಎಂಬ ಆಶುಭಾಷಣ, ಆಮೇಲೆ ಭಾಷಣಗಳ ವಿಮರ್ಶೆ. ಒಬ್ಬರು ಗಡಿಯಾರ ನೋಡುತ್ತಾರೆ, ಒಬ್ಬರು ಭಾಷೆಯನ್ನು ಗಮನಿಸುತ್ತಾರೆ, ಇನ್ನೊಬ್ಬರು ಮಾತಿನ ನಡುವಿನ ‘ಆಂ’, ‘ಊಂ’ಗಳನ್ನು ಎಣಿಸುತ್ತಾರೆ. ಪ್ರತಿ ವಾರ ಕೆಲಸಗಳು ಕೈ ಬದಲಾಗುತ್ತವೆ.

ಮೊದಲ ಭಾಷಣಕ್ಕೆ ಐಸ್‌ಬ್ರೇಕರ್ ಎನ್ನುತ್ತಾರೆ. ತನ್ನ ಬಗ್ಗೆ ತಾನೇ ನಾಲ್ಕರಿಂದ ಆರು ನಿಮಿಷ ಮಾತನಾಡಬೇಕು. ನಾಲ್ಕು ನಿಮಿಷಕ್ಕೆ ಟೈಮರ್ ಹಸಿರು ಕಾರ್ಡು ಎತ್ತುತ್ತಾರೆ, ಐದಕ್ಕೆ ಹಳದಿ, ಆರಕ್ಕೆ ಕೆಂಪು. ನಾನು ಹಸಿರು ಕಾರ್ಡನ್ನೇ ನೋಡಲಿಲ್ಲ. ಬರೆದು ಬಾಯಿಪಾಠ ಮಾಡಿದ್ದರಲ್ಲಿ ನಡುವಿನ ಎರಡು ಪ್ಯಾರಾ ಹಾರಿಹೋಗಿ, ಮೂರು ನಿಮಿಷ ಹತ್ತು ಸೆಕೆಂಡಿಗೆ ‘ಧನ್ಯವಾದ’ ಎಂದು ಬಂದು ಕೂತಿದ್ದೆ. ಟೈಮರ್ ತಮ್ಮ ಸರದಿ ಬಂದಾಗ ಅಷ್ಟನ್ನೂ ನಿರ್ವಿಕಾರವಾಗಿ ಓದಿದರು. ಯಾರೂ ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಮುಂದಿನ ಬಾರಿ ಎದ್ದು ನಿಲ್ಲಲು ನನಗೆ ಬೇಕಿದ್ದದ್ದು ಇಷ್ಟೇ ಆಗಿತ್ತು ಎಂದು ಈಗ ಅನ್ನಿಸುತ್ತದೆ.

ಮಾತು ಕಲಿಯಲು ಹೋದವನಿಗೆ ಮೊದಲು ಸುಧಾರಿಸಿದ್ದು ಕಿವಿ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಈ ಕ್ಲಬ್ಬಿನ ನಿಜವಾದ ಸರಕು ವಿಮರ್ಶೆಯೇ ಎಂಬುದು ನನ್ನ ಅಭಿಪ್ರಾಯ. ಮೂರನೆಯ ಭಾಷಣದಲ್ಲಿ ನಮ್ಮ ಶಿರಸಿ ಕಡೆಯ ಅಡಿಕೆ ತೋಟದ ಕೊಳೆರೋಗದ ಬಗ್ಗೆ ಮಾತನಾಡಿದ್ದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ, ಆ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ, ಮಳೆಗಾಲ ಹಿಡಿಯುವ ಮೊದಲು ಒಮ್ಮೆ ಹೊಡೆದು ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೆ ಹೊಡೆಯಬೇಕಾದ ಕಾರಣ, ಎಲ್ಲವನ್ನೂ ಏಳು ನಿಮಿಷದೊಳಗೆ ಅಚ್ಚುಕಟ್ಟಾಗಿ ಹೇಳಿದ ಸಮಾಧಾನದಲ್ಲಿ ಕೂತಿದ್ದೆ. ನನ್ನ ವಿಮರ್ಶಕರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರು ಧ್ವನಿ ಚೆನ್ನಾಗಿತ್ತು ಎಂದರು, ಕಾಗದ ನೋಡದೆ ಮಾತನಾಡಿದ್ದನ್ನು ಮೆಚ್ಚಿದರು. ಆಮೇಲೆ, ‘ಮೈಲುತುತ್ತದ ಲೆಕ್ಕವನ್ನು ನೀವು ಮೂರು ಸಲ ಹೇಳಿದಿರಿ, ಆದರೆ ಅಷ್ಟು ಎತ್ತರದ ಮರಕ್ಕೆ ಮಳೆಯಲ್ಲಿ ಹತ್ತಿದವರು ಯಾರು ಎಂದು ಒಂದು ಸಲವೂ ಹೇಳಲಿಲ್ಲ’ ಎಂದರು. ಮರ ಹತ್ತಲು ಕಾಲಿಗೆ ಬಳೆಯಂಥ ತಳೆ ಹಾಕಿಕೊಂಡು ಮರದಿಂದ ಮರಕ್ಕೆ ದಾಟುತ್ತಿದ್ದ, ಅಡಿಕೆ ಕೊನೆ ಕೊಯ್ದು ಮದ್ದು ಹೊಡೆಯುವ ನಮ್ಮ ಕೊನೆಗೌಡನನ್ನು ಹುಡುಗನಾಗಿದ್ದಾಗ ಕತ್ತು ನೋಯುವವರೆಗೆ ನೋಡುತ್ತ ನಿಂತಿದ್ದವನು ನಾನು; ಭಾಷಣದಲ್ಲಿ ಅವನೇ ಇರಲಿಲ್ಲ. ಎರಡು ತಿಂಗಳ ನಂತರ ಅದೇ ವಿಷಯವನ್ನು ಅವನಿಂದಲೇ ಆರಂಭಿಸಿ ಮಾತನಾಡಿದೆ. ಕಚೇರಿಯ ಯಾವ ಮೇಲಧಿಕಾರಿಯೂ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿ, ಮೂರೇ ನಿಮಿಷದಲ್ಲಿ ಅಷ್ಟು ಉಪಯುಕ್ತವಾದ ಮಾತು ಹೇಳಿದ್ದು ನೆನಪಿಲ್ಲ.

ಇನ್ನೊಬ್ಬರ ಭಾಷಣವನ್ನು ವಿಮರ್ಶಿಸುವ ಸರದಿ ನಮಗೂ ಬರುತ್ತದೆ. ಎರಡರಿಂದ ಮೂರು ನಿಮಿಷದೊಳಗೆ, ಎದುರಿಗೇ ಕೂತವರ ಮನಸ್ಸು ನೋಯದಂತೆ, ಆದರೆ ಏನನ್ನೂ ಮುಚ್ಚಿಡದೆ ಹೇಳಬೇಕಾದಾಗ ನಾವು ಎಷ್ಟು ಅರೆಮನಸ್ಸಿನಿಂದ ಕೇಳುತ್ತೇವೆ ಎಂಬುದು ಗೊತ್ತಾಗುತ್ತದೆ. ಕಿರಿಯ ಇಂಜಿನಿಯರುಗಳ ಕೆಲಸದಲ್ಲಿ ತಪ್ಪು ಕಂಡಾಗ ಕೆಂಪು ಶಾಯಿಯಲ್ಲಿ ಗೀಚಿ ಕಳಿಸುತ್ತಿದ್ದ ನಾನು ಈಗ ಕರೆದು ಕೂರಿಸಿ ಮಾತನಾಡುವುದಕ್ಕೆ ಈ ಅಭ್ಯಾಸವೇ ಕಾರಣ.

ಮಾತಿನ ನಡುವಿನ ಹೊಟ್ಟು ಎಣಿಸುವವರನ್ನು ಆಹ್ ಕೌಂಟರ್ ಎನ್ನುತ್ತಾರೆ. ಆರು ನಿಮಿಷದಲ್ಲಿ ನಾನು ಹತ್ತೊಂಬತ್ತು ಬಾರಿ ‘ಬೇಸಿಕಲಿ’ ಎಂದಿದ್ದೇನೆ ಎಂದು ವರದಿಯಾದಾಗ ಎಣಿಸಿದವರ ಮೇಲೆಯೇ ಅನುಮಾನ ಬಂದಿತ್ತು. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದ ಆ ಭಾಷಣವನ್ನು ಕೇಳಿದೆ. ಅವರು ಇನ್ನೆರಡನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟುಕೊಟ್ಟಿದ್ದರು.

ಆಶುಭಾಷಣಕ್ಕೆ ಒಂದರಿಂದ ಎರಡು ನಿಮಿಷ. ಹೆಸರು ಕರೆದ ಮೇಲೆಯೇ ವಿಷಯ ತಿಳಿಯುತ್ತದೆ. ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಎದುರಾಳಿಯ ಮಾತಿನ ತುದಿ ಹಿಡಿದು ಅಲ್ಲಿಯೇ ವಾದ ಕಟ್ಟುವುದನ್ನು ರಾತ್ರಿಯಿಡೀ ಕೇಳಿ ಬೆಳೆದವರಿಗೆ ಇದು ಮಕ್ಕಳಾಟ ಎನ್ನಿಸಬಹುದು. ಆದರೆ ಕೇಳುವುದು ಬೇರೆ, ‘ನಿಮ್ಮ ಛತ್ರಿ ನಿಮ್ಮ ಬಗ್ಗೆ ಏನು ಹೇಳೀತು?’ ಎಂಬ ಪ್ರಶ್ನೆ ಹಿಡಿದು ನಿಲ್ಲುವುದು ಬೇರೆ. ಗ್ರಾಹಕರ ಸಭೆಯಲ್ಲಿ ಅನಿರೀಕ್ಷಿತ ಪ್ರಶ್ನೆ ಬಂದಾಗ ಒಂದು ಉಸಿರು ತೆಗೆದುಕೊಂಡು ಉತ್ತರ ಆರಂಭಿಸುವ ಸಮಾಧಾನ ಬಂದದ್ದು ಈ ಎರಡು ನಿಮಿಷಗಳಿಂದಲೇ.

ಕ್ಲಬ್ಬಿನವರು ನಾಯಕತ್ವದ ಬಗ್ಗೆ ಬಹಳ ಹೇಳುತ್ತಾರೆ. ಮೊದಲು ನಾನು ಅದನ್ನು ಜಾಹೀರಾತಿನ ಮಾತು ಎಂದುಕೊಂಡಿದ್ದೆ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಸೇರಿ ಏಳು ಹುದ್ದೆಗಳಿವೆ. ಒಂದು ವರ್ಷ ನಾನು ಶಿಕ್ಷಣ ವಿಭಾಗದ ಉಪಾಧ್ಯಕ್ಷನಾಗಿದ್ದೆ, ಅಂದರೆ ಪ್ರತಿ ಶನಿವಾರ ಯಾರು ಯಾವ ಕೆಲಸ ಮಾಡಬೇಕೆಂಬ ಪಟ್ಟಿ ತುಂಬುವವನು. ಬುಧವಾರ ಒಪ್ಪಿಕೊಂಡವರು ಶುಕ್ರವಾರ ರಾತ್ರಿ ಹನ್ನೊಂದಕ್ಕೆ ವಾಟ್ಸ್ಯಾಪಿನಲ್ಲಿ ‘ಊರಿಗೆ ಹೊರಟಿದ್ದೇನೆ, ಕ್ಷಮಿಸಿ’ ಎಂದು ಕಳಿಸುತ್ತಿದ್ದರು. ಅವರ ಸಂಬಳ ನನ್ನ ಕೈಯಲ್ಲಿಲ್ಲ, ಬಡ್ತಿಯೂ ಇಲ್ಲ. ಹೆದರಿಸಲು ಏನೂ ಇಲ್ಲದ ಕಡೆ ಇಪ್ಪತ್ತು ಮಂದಿಯಿಂದ ಕೆಲಸ ತೆಗೆಯಲು ಮುಂಚಿತವಾಗಿ ಫೋನ್ ಮಾಡುವುದು, ಆಸಕ್ತಿ ನೋಡಿ ಕೆಲಸ ಕೊಡುವುದು, ಕೈಕೊಟ್ಟವರನ್ನು ಮುಂದಿನ ವಾರ ಮತ್ತೆ ಕೇಳುವುದು ಇವಿಷ್ಟೇ ದಾರಿ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆ ಈಗ ನೀರಿನ ಟ್ಯಾಂಕರಿನ ಜಗಳದಲ್ಲಿ ಮುಳುಗದೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಕಾರ್ಯಸೂಚಿಯ ಪ್ರತಿ ವಿಷಯಕ್ಕೂ ನಿಮಿಷ ನಿಗದಿ ಮಾಡುವ ಚಾಳಿಯನ್ನು ನಾನು ಕ್ಲಬ್ಬಿನಿಂದಲೇ ಹೊತ್ತು ತಂದೆ.

ಕೊರತೆಗಳು ಕಡಿಮೆಯೇನಲ್ಲ. ಚಪ್ಪಾಳೆ ಇಲ್ಲಿ ತೀರಾ ಅಗ್ಗ. ಎದ್ದು ನಿಂತರೆ ಚಪ್ಪಾಳೆ, ಕೂತರೂ ಚಪ್ಪಾಳೆ. ಮೊದಲು ಹೊಗಳಿ, ನಡುವೆ ತಿದ್ದಿ, ಕೊನೆಗೆ ಮತ್ತೆ ಹೊಗಳುವ ಪದ್ಧತಿ ಅಳ್ಳೆದೆಯ ವಿಮರ್ಶಕರ ಕೈಗೆ ಸಿಕ್ಕರೆ ಬರೀ ಸಕ್ಕರೆ ಪಾಕವಾಗುತ್ತದೆ. ಸಂಸ್ಥೆ ನಡೆಸುವ ಭಾಷಣ ಸ್ಪರ್ಧೆಗಳ ಗುಂಗು ಹತ್ತಿದವರು ಕೈ ಬೀಸಿ, ಧ್ವನಿ ನಡುಗಿಸಿ, ಕೊನೆಗೊಂದು ಬೋಧನೆ ಹೇಳುವ ಒಂದೇ ಅಚ್ಚಿಗೆ ಬೀಳುವುದನ್ನೂ ನೋಡಿದ್ದೇನೆ. ಆದರೂ ಸ್ಪರ್ಧೆಗಳಿಂದ ಪ್ರಯೋಜನವಿಲ್ಲ ಎನ್ನಲಾರೆ: ನೆರೆಯ ಶ್ರೀಲಂಕಾದ ಧನಂಜಯ ಹೆಟ್ಟಿಆರಚ್ಚಿ 2014ರಲ್ಲಿ ಈ ಭಾಷಣ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದದ್ದು, ಅಮೆರಿಕದ ಉಚ್ಚಾರಣೆ ಇಲ್ಲದವರಿಗೂ ಅಲ್ಲಿ ಜಾಗವಿದೆ ಎಂಬುದನ್ನು ತೋರಿಸಿತು. ಪಾಥ್‌ವೇಸ್ ಎಂಬ ಐದು ಹಂತಗಳ ಪಠ್ಯಕ್ರಮ ಚೆನ್ನಾಗಿದೆ, ಅದನ್ನು ಇಟ್ಟಿರುವ ಜಾಲತಾಣದಲ್ಲಿ ಬೇಕಾದದ್ದನ್ನು ಹುಡುಕುವುದು ಮಾತ್ರ ರೇಜಿಗೆಯ ಕೆಲಸ.

ಹೆಚ್ಚಿನ ಕ್ಲಬ್ಬುಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ, ಹಾಗಾಗಿ ಅನೇಕರು ಇದನ್ನು ಸ್ಪೋಕನ್ ಇಂಗ್ಲಿಷ್ ತರಗತಿ ಎಂದು ತಿಳಿದು ಸೇರಿ ನಿರಾಶರಾಗುತ್ತಾರೆ. ಭಾಷೆಯನ್ನು ಇಲ್ಲಿ ಯಾರೂ ಮೊದಲಿನಿಂದ ಕಲಿಸುವುದಿಲ್ಲ. ಕನ್ನಡದಲ್ಲಿ ನಡೆಯುವ ಕ್ಲಬ್ಬುಗಳೂ ಇವೆ. ಅಂಥ ಒಂದಕ್ಕೆ ಅತಿಥಿಯಾಗಿ ಹೋದಾಗ ನನ್ನ ‘ಬೇಸಿಕಲಿ’ಯ ಜಾಗವನ್ನು ‘ಏನಪ್ಪಾ ಅಂದ್ರೆ’ ಆಕ್ರಮಿಸಿದ್ದು ವರದಿಯಲ್ಲಿ ತಿಳಿಯಿತು. ಕನ್ನಡದಲ್ಲಿ ಮಾತನಾಡುವಾಗ ಅಂಜಿಕೆ ಕಡಿಮೆ, ಆದರೆ ಬಳಸಿದ ಪದ ಸರಿಯೇ ಎಂಬ ಎಚ್ಚರ ಹೆಚ್ಚು ಬೇಕಾಯಿತು.

ಈಗ ಹಣದ ವಿಷಯ. ಅಂತರರಾಷ್ಟ್ರೀಯ ಸಂಸ್ಥೆಗೆ ಆರು ತಿಂಗಳಿಗೆ 60 ಡಾಲರ್ ಕಟ್ಟಬೇಕು, ಅಂದರೆ ಈಗಿನ ದರದಲ್ಲಿ ಐದು ಸಾವಿರ ರೂಪಾಯಿಗೂ ಮೇಲೆ. 2023ರ ಅಕ್ಟೋಬರಿಗೆ ಮೊದಲು ಇದು 45 ಡಾಲರ್ ಇತ್ತು. ಹೊಸಬರು ಒಂದು ಬಾರಿ 20 ಡಾಲರ್ ಪ್ರವೇಶ ಶುಲ್ಕ ಕೊಡುತ್ತಾರೆ. ಕೊಠಡಿಯ ಬಾಡಿಗೆಗೆಂದು ಕ್ಲಬ್ಬು ಪ್ರತ್ಯೇಕವಾಗಿ ಸ್ವಲ್ಪ ಸೇರಿಸಬಹುದು. ಮೇಷ್ಟರಿಲ್ಲದ, ಸದಸ್ಯರೇ ಎಲ್ಲ ಕೆಲಸ ಮಾಡುವ ಕೂಟಕ್ಕೆ ಇದು ದುಬಾರಿ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ತಿಂಗಳಿಗೆ ಎರಡು ಬಾರಿಯಾದರೂ ಒಂದು ಕೆಲಸ ಒಪ್ಪಿಕೊಳ್ಳುವವರಿಗೆ ಕೊಟ್ಟದ್ದು ದಕ್ಕುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ಕೇಳಿ ಹೋಗುವವರು ಸೇರದಿರುವುದೇ ಲೇಸು.

ಒಂದು ಕ್ಲಬ್ಬು ನೋಡಿ ತೀರ್ಮಾನ ಮಾಡಬೇಡಿ. ಎರಡು ಮೂರು ಕಡೆ ಅತಿಥಿಗಳಾಗಿ ಹೋಗಿ. ಸಭೆ ಹೇಳಿದ ಹೊತ್ತಿಗೆ ಮುಗಿಯುತ್ತದೆಯೇ, ವಿಮರ್ಶಕರು ಒಂದಾದರೂ ನಿರ್ದಿಷ್ಟ ತಿದ್ದುಪಡಿ ಹೇಳುತ್ತಾರೆಯೇ ಎಂಬ ಎರಡನ್ನು ಗಮನಿಸಿದರೆ ಸಾಕು. ಕಂಪನಿಗಳ ಒಳಗಿನ ಕೆಲವು ಕ್ಲಬ್ಬುಗಳಿಗೆ ಹೊರಗಿನವರಿಗೆ ಪ್ರವೇಶವಿಲ್ಲ, ಮೊದಲೇ ಕೇಳಿಕೊಳ್ಳಿ. ಶುಲ್ಕದ ಅವಧಿ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಆರಂಭವಾಗುತ್ತದೆ. ನಡುವೆ ಸೇರಿದವರು ಉಳಿದ ತಿಂಗಳುಗಳಿಗೆ ಮಾತ್ರ ಕಟ್ಟಿದರೆ ಆಯಿತು, ಪ್ರವೇಶ ಶುಲ್ಕದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ.